ಭಾನುವಾರದ ಡ್ಯೂಟಿ

ಗಂಡ ಪ್ರೇಮಾನಂದ ಕುಣಿಗಲ್‌ನಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆಂದು ತಿಳಿದಾಗ ಜಯಶೀಲಾ ಅದನ್ನು ಹೇಳಿಕೊಂಡದ್ದು ಒಬ್ಬಳ ಹತ್ತಿರ ಮಾತ್ರ. ಸುಗುಣಾ ಅವಳ ಜೊತೆ ಗುಬ್ಬಿಯ ಒಂದೇ ಬೀದಿಯಲ್ಲಿ ಆಡಿ ಬೆಳೆದವಳು. "ದೇವರಾಣೆ, ಯಾರಿಗೂ ಬಾಯಿ ಬಿಡಲ್ಲ ಕಣೇ," ಎಂದು ಅವಳನ್ನು ತಬ್ಬಿಕೊಂಡು ಅತ್ತಿದ್ದಳು.

ಎರಡು ವಾರ ಕಳೆದಿತ್ತು. ಚರ್ಚಿನಲ್ಲಿ ಭಾನುವಾರದ ಆರಾಧನೆಯ ನಡುವೆ, ಪ್ರಾರ್ಥನೆಗೆ ವಿಷಯಗಳೇನಾದರೂ ಇವೆಯೇ ಎಂದು ಅಯ್ಯನವರು ಕೇಳಿದಾಗ ಸುಗುಣಾ ಎದ್ದು ನಿಂತಳು. ಸೆರಗು ತಲೆಗೆಳೆದುಕೊಂಡು, "ನಮ್ಮ ಜಯಶೀಲಂಗೋಸ್ಕರ ಪ್ರಾರ್ಥಿಸಿ. ಅವಳ ಯಜಮಾನ್ರು ಕುಣಿಗಲ್‌ನಲ್ಲಿ ಬೇರೆ ಹೆಂಗಸಿನ ಜೊತೆ ಇದಾರೆ," ಎಂದಳು.

ಚರ್ಚಿಗೆ ಚರ್ಚೇ ತಿರುಗಿ ನೋಡಿತು. ಹತ್ತು ವರ್ಷದ ಮಗಳು ಅನುಗ್ರಹ, "ಅಪ್ಪ ಯಾರ ಜೊತೆ ಇದಾರಮ್ಮ?" ಎಂದಳು.

ಜಯಶೀಲಾ ಮಗಳ ಕೈ ಹಿಡಿದು ಹೊರಬಂದಳು. ಆಣೆ ಇಟ್ಟವಳಿಗಿಂತ, ಆ ಆಣೆ ಕೇಳಿಸಿಕೊಂಡೂ ಸುಮ್ಮನಿದ್ದ ದೇವರ ಮೇಲೆ ಅವಳ ಸಿಟ್ಟು ಹೆಚ್ಚಾಗಿತ್ತು. ತುಮಕೂರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ಅವಳು ಅಂದಿನಿಂದ ಭಾನುವಾರದ ಡ್ಯೂಟಿಯನ್ನು ಕೇಳಿ ಹಾಕಿಸಿಕೊಂಡಳು. ಮನೆಯಲ್ಲಿ ಮಗಳು ಊಟಕ್ಕೆ ಮುಂಚೆ ಕಣ್ಣು ಮುಚ್ಚಿದರೆ, "ತಿನ್ನು, ಆರೋಗುತ್ತೆ," ಎಂದು ಗದರುತ್ತಿದ್ದಳು. ಮೂರನೇ ವರ್ಷ ಜಯಶೀಲಾಳ ತಾಯಿ ಹಾಸಿಗೆ ಹಿಡಿದರು. ಕೊನೆಗಾಲದಲ್ಲಿ, "ಒಂದ್ ಪ್ರಾರ್ಥನೆ ಮಾಡೇ, ಶೀಲಾ," ಎಂದು ಬೇಡಿಕೊಂಡರೂ ಅವಳು ತುಟಿ ಬಿಚ್ಚಲಿಲ್ಲ. ತಾಯಿ ಕಾದು ಕಾದು ಹೋಗಿಬಿಟ್ಟರು.

ಹೀಗೆ ಏಳು ವರ್ಷ ಕಳೆಯಿತು. ಪ್ರೇಮಾನಂದ ಮರಳಿ ಬರಲೇ ಇಲ್ಲ.

ಕಳೆದ ತಿಂಗಳು ಸಿದ್ದಲಕ್ಷ್ಮಮ್ಮ ಎಂಬ ಅಜ್ಜಿ ಅವಳ ವಾರ್ಡಿಗೆ ಬಂದಳು. ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ನಿನ ಬೆಳಿಗ್ಗೆ ಜಯಶೀಲಾ ಅವಳ ಹಣೆಯ ವಿಭೂತಿ ಒರೆಸುತ್ತಿದ್ದಾಗ ಅಜ್ಜಿ ಕೈ ಹಿಡಿದುಕೊಂಡಳು.

"ನೀನು ಚರ್ಚಿನೋಳಂತೆ. ನಮ್ಮ ಶಿವಪ್ಪಂಗೆ ನಾನು ಹೇಳಿವ್ನಿ. ನಿಮ್ ದೇವ್ರಿಗೆ ನೀನೊಂದ್ ಮಾತು ಹೇಳವ್ವ."

"ನನಗೂ ಅವನಿಗೂ ಮಾತಿಲ್ಲ ಅಜ್ಜಿ."

"ಯಾರು ಬುಟ್ಟಿದ್ದು? ಅವ್ನಾ, ನೀನಾ?"

ಜಯಶೀಲಾ ಉಳಿದ ವಿಭೂತಿಯನ್ನು ಒರೆಸಿ ಮುಗಿಸಿದಳು. ಅಜ್ಜಿಯನ್ನು ಒಳಗೆ ಕರೆದೊಯ್ದ ಮೇಲೆ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಪ್ರಾರ್ಥಿಸಲೆಂದು ಬಾಯಿ ತೆರೆದರೆ ಬಂದದ್ದು ಬೈಗುಳ.

"ನಿನ್ನ ಹೆಸರಲ್ಲೇ ಆಣೆ ಇಟ್ಟಿದ್ಲು! ನನ್ನ ಮಗಳ ಎದುರಿಗೇ ಮಾನ ಹೋಯ್ತು. ನೀನು ನೋಡ್ತಾ ಕೂತಿದ್ದೆ!"

ಬೈದು ಬೈದು ದಣಿದಾಗ ತಾಯಿಯ ಮುಖ ಕಣ್ಣ ಮುಂದೆ ಬಂತು. ಆ ಹಾಸಿಗೆಯ ಪಕ್ಕ ಬಿಗಿದ ತುಟಿಯಲ್ಲಿ ಕೂತಿದ್ದವಳು ಸುಗುಣಾ ಅಲ್ಲ. "ತಂದೇ, ಅಮ್ಮನ್ನ ಹಾಗೇ ಕಳಿಸ್ಬಿಟ್ಟೆ. ಕ್ಷಮಿಸು," ಎಂದು ನೆಲಕ್ಕೆ ಕುಸಿದು ಅತ್ತಳು. ಆಮೇಲೆ ಅಜ್ಜಿಗಾಗಿ ಬೇಡಿಕೊಂಡಳು. ಹತ್ತು ದಿನಕ್ಕೆ ಅಜ್ಜಿ ನಡೆದುಕೊಂಡೇ ಮನೆಗೆ ಹೋದಳು.

ಮುಂದಿನ ಭಾನುವಾರ ಜಯಶೀಲಾ ಡ್ಯೂಟಿ ಬದಲಿಸಿಕೊಂಡು ಮಗಳೊಂದಿಗೆ ಚರ್ಚಿಗೆ ಹೋದಳು. ಬಾಗಿಲಲ್ಲೇ ಸುಗುಣಾ ಎದುರಾದಳು. ಅವಳ ಕಣ್ಣು ತುಂಬಿತ್ತು. "ನಿಂಗೆ ಒಳ್ಳೇದಾಗ್ಲಿ ಅಂತಾನೇ ಹೇಳಿದ್ದು ಕಣೇ."

ಇಷ್ಟು ವರ್ಷದ ಮೇಲೂ ತಪ್ಪಾಯಿತು ಎಂಬ ಒಂದು ಮಾತಿಲ್ಲ. ಹಳೆಯ ಉರಿ ಮತ್ತೆ ಎದೆಗೆ ಏರಿತು.

"ನಾನು ದೇವರ ಹತ್ರ ವಾಪಸ್ ಬಂದಿದೀನಿ ಸುಗುಣಾ. ನಿನ್ನ ಹತ್ರ ಬರೋಕೆ ಇನ್ನೂ ಆಗ್ತಿಲ್ಲ. ಅದಕ್ಕೂ ಅವನನ್ನೇ ಕೇಳ್ಕೋತಿದೀನಿ."

ಸುಗುಣಾ ದಾರಿ ಬಿಟ್ಟಳು. ಜಯಶೀಲಾ ಕೊನೆಯ ಬೆಂಚಿನಲ್ಲಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಆ ಉರಿಯನ್ನು ಇಟ್ಟುಕೊಂಡೇ ತಲೆಬಾಗಿದಳು.