ಪೂರ್ವಕ್ಕೆ ಮುಖ ಮಾಡಿದ ಮೌಂಟು

ಬೀದರಿನ 'ತಾರಾ ಬಳಗ'ದ ಅಧ್ಯಕ್ಷ ಶಿವಕಾಂತ ಸಾಹೇಬರ ಕಪಾಟಿನಲ್ಲಿ ಸನ್ಮಾನದ ಶಾಲುಗಳು ಎಷ್ಟಿದ್ದವೆಂದರೆ, ಚಳಿಗಾಲದಲ್ಲಿ ಪಕ್ಕದ ಕಮಠಾಣದ ಅರ್ಧ ಊರಿಗೆ ಹೊದಿಸಬಹುದಿತ್ತು. ಅವರು ಆಕಾಶ ನೋಡಿದ್ದು ಕಡಿಮೆ, ಆಕಾಶದ ಬಗ್ಗೆ ಮಾತಾಡಿದ್ದು ಜಾಸ್ತಿ. ಇದು ಇರಮಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಅವಳ ನೌಕರಿಯ ಒಂದು ಭಾಗವಾಗಿತ್ತು. ಅವಳು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ, ಜೂನ್‌ನಲ್ಲಿ 'ಬಾ' ಅಂದರೆ ಬರಬೇಕು, ಅನ್ನದಿದ್ದರೆ ಮನೆಯಲ್ಲಿರಬೇಕು. 'ಬಾ' ಅನ್ನುವ ಬಾಯಿ, ಆಡಳಿತ ಮಂಡಳಿಯಲ್ಲೂ ಕೂತಿದ್ದ ಈ ಸಾಹೇಬರದೇ.

ಬಳಗ ಈಗ ಮೂರು ಈಕ್ವಟೋರಿಯಲ್ ಮೌಂಟ್ ತರಿಸಿತ್ತು. ಬೀದರಿಗೆ, ಭಾಲ್ಕಿಗೆ, ಔರಾದಿಗೆ. ಮೌಂಟ್ ಅಂದರೆ ದೂರದರ್ಶಕವನ್ನು ಹೊತ್ತು ತಿರುಗಿಸುವ ಸ್ಟ್ಯಾಂಡು. ಭೂಮಿ ತಿರುಗುತ್ತಲೇ ಇರುವುದರಿಂದ ಚಂದ್ರನಾಗಲಿ ನಕ್ಷತ್ರವಾಗಲಿ ಕೊಳವೆಯ ಕಣ್ಣಿನಿಂದ ಜಾರಿ ಹೋಗುತ್ತದೆ. ಈ ಜಾತಿಯ ಮೌಂಟಿನ ತಿರುಗುವ ಒಂದು ಅಚ್ಚನ್ನು ಉತ್ತರದ ಧ್ರುವನಕ್ಷತ್ರದ ಕಡೆ, ನಮ್ಮ ಸೀಮೆಯಲ್ಲಾದರೆ ಸುಮಾರು ಹದಿನೆಂಟು ಡಿಗ್ರಿ ಎತ್ತಿ ನಿಲ್ಲಿಸಿದರೆ, ಒಂದೇ ತಿರುಪನ್ನು ಮೆಲ್ಲಗೆ ತಿರುಗಿಸುತ್ತ ಚಂದ್ರನನ್ನು ಹಿಡಿದಿಡಬಹುದು. ಹಾಗೆ ನಿಲ್ಲಿಸದಿದ್ದರೆ ಅದು ಬರೀ ಭಾರದ ಕಬ್ಬಿಣ.

"ಬೀದರಿಂದು ನೀವು ಪರೀಕ್ಷಾ ಮಾಡ್ರಿ ಮೇಡಂ. ಛಲೋ ಅದ ಅಂದ್ರ ಉಳದೆರಡೂ ಕಳಸ್ತೇನಿ," ಎಂದಿದ್ದರು ಸಾಹೇಬರು.

ಮೇ ತಿಂಗಳ ಸಂಜೆ. ಇರಮ ಕಾಲೇಜಿನ ಮಾಳಿಗೆ ಹತ್ತಿದಾಗ ಪೂಜೆ ಮುಗಿದು, ಹೋಳಾದ ತೆಂಗಿನಕಾಯಿ ಪಕ್ಕದಲ್ಲಿತ್ತು. ಮೂಢನಂಬಿಕೆಯ ವಿರುದ್ಧ ಸಾಹೇಬರ ಭಾಷಣವೂ ಅದೇ ಕಾಯಿಯ ಮುಂದೆ ಮುಗಿದಿತ್ತು. ಮೌಂಟಿನ ಮೂರು ಕಾಲುಗಳು ಸಿಮೆಂಟಿನಲ್ಲಿ ಹೂತಿದ್ದವು. ಅಚ್ಚು ನೇರ ಪೂರ್ವಕ್ಕೆ ನೋಡುತ್ತಿತ್ತು. ಮೇಲಿನ ತಲೆಯನ್ನಾದರೂ ತಿರುಗಿಸೋಣವೆಂದರೆ, ಸಡಿಲಾದೀತೆಂದು ಅದರ ಬುಡಕ್ಕೂ ಗಾರೆ ಕೆಲಸದ ಗೌಂಡಿ ಸಿಮೆಂಟು ಮೆತ್ತಿದ್ದ.

"ಪೂರ್ವಕ್ಕ ಯಾಕ ಇಟ್ಟೀರಿ ಸಾಹೇಬ್ರ?"

"ಹೊಸಾ ಸಾಮಾನ ಪೂರ್ವಕ್ಕ ಮಾರಿ ಮಾಡೇ ಇಡಬೇಕ್ರಿ. ನನ್ನ ತಿಜೋರಿ, ಟ್ರ್ಯಾಕ್ಟರ್ ಎಲ್ಲಾ ಹಂಗೇ ನಿಲ್ಲಿಸಿ ಪೂಜಾ ಮಾಡೀನಿ. ಯಾವುದರೆ ಕೆಟ್ಟದೇನು?"

ಟ್ರ್ಯಾಕ್ಟರ್ ಆಮೇಲೆ ತಿರುಗುತ್ತದಲ್ಲ ಎಂಬ ಮಾತು ಇರಮಳ ನಾಲಿಗೆಯ ತುದಿಗೆ ಬಂತು. "ಹೌದ್ರಿ," ಎಂದಳು. ಜೂನ್ ಹತ್ತಿರವಿತ್ತು.

ಅವಳು ತನ್ನ ಕೆಲಸ ಮಾಡಿದಳು. ಕೊಳವೆಯನ್ನು ಕೂರಿಸಿ, ಎದುರುತೂಕ ಸರಿಸಿ ಸಮ ಮಾಡಿದಳು. ಬೆರಳಿನಿಂದ ಕೊಳವೆಗೆ ತಟ್ಟಿ ಕಣ್ಣಿಟ್ಟಳು. ನಡುಕ ಕ್ಷಣದಲ್ಲಿ ನಿಂತಿತು. ತಿರುಪಿನಲ್ಲಿ ಸಡಿಲವಿಲ್ಲ, ಗೇರಿನ ಹಲ್ಲುಗಳಲ್ಲಿ ಜಿಗಿತವಿಲ್ಲ. ಮಾಲು ಅಪ್ಪಟ. ನಿಲ್ಲಿಸಿದವರದಷ್ಟೇ ಎಡವಟ್ಟು.

ಮೊದಲು ನೋಡಲು ಬಂದವರು ಔರಾದಿನ ಆಬೇದಾ ಆಪಾ. ನಿವೃತ್ತ ಹೆಡ್‌ಮಾಸ್ತರಣಿ, ಶಿವಕಾಂತ ಸಾಹೇಬರಿಗೆ ಚಿಕ್ಕಂದಿನಲ್ಲಿ ಗಣಿತ ಕಲಿಸಿದವರು, ಕಲಿಯಲಿಲ್ಲವೆಂದು ಇಂದಿಗೂ ಹೇಳುವವರು.

"ಅಯ್ಯ, ಚಾಂದ ಎಲ್ಲಿ ಹೋಯ್ತು ಬೇಟಾ? ಈಗಿತ್ತಲ್ಲ!"

ಇರಮ ಎರಡೂ ಕೈಯಿಂದ ಎರಡು ತಿರುಪು ತಿರುಗಿಸಿ ಚಂದ್ರನನ್ನು ಮತ್ತೆ ಎಳೆದು ತಂದಳು. ಆಪಾ ಬಗ್ಗುವಷ್ಟರಲ್ಲಿ ಅವನು ಮತ್ತೆ ಪರಾರಿ.

"ಇವತ್ತ ಚಂದ್ರ ಜರಾ ಜೋರ ಹೊಂಟಾನ್ರಿ," ಎಂದರು ಸಾಹೇಬರು.

"ನೀ ಮತ್ತ ಭಾಷಣ ಮಾಡ್ತೀ ಅಂತ ಅಂಜಿ ಓಡ್ಲತಾನೇನೋ ಶಿವಕಾಂತ!"

ಮಾಳಿಗೆಯ ತುಂಬ ನಗು. ಸಾಹೇಬರ ಮುಖ ಮಾತ್ರ ಬಿಗಿಯಾಯಿತು. ಅವರು ಇರಮಳನ್ನು ನೀರಿನ ಟಾಕಿಯ ಹಿಂದೆ ಕರೆದರು.

"ಮೇಡಂ, ಮಾಲೇ ಖರಾಬ ಅದ ಅಂತ ಎಲ್ಲಾರ ಮುಂದ ಹೇಳ್ರಿ. ಮೂರೂ ವಾಪಸ್ ಹೋಗ್ಲಿ. ನಿಮ್ಮ ಸುದ್ದಿನೂ ಈಗ ಮಂಡಳಿ ಮುಂದ ಬರೋದದ, ನೋಡ್ರಿ."

ಮೌಂಟ್ ತರಿಸಿಕೊಟ್ಟ ಸಂತೋಷಕುಮಾರ ಮಾಳಿಗೆಯ ಅಂಚಿನ ಕಟ್ಟೆಗೆ ಆತು ನಿಂತಿದ್ದ. ಭಾಲ್ಕಿಯಲ್ಲಿ ಅವನದು ಚಷ್ಮಾದ ಅಂಗಡಿ. "ನಾ ಚಷ್ಮಾ ಮಾರಾಂವ್ರಿ ಅಕ್ಕಾ, ನನಗೇನು ತಿಳೀತದ? ಡಬ್ಬಿ ಬಂತು, ತಂದು ಕೊಟ್ಟೆ," ಎಂದು ಬಂದಾಗಿನಿಂದ ಎಲ್ಲರಿಗೂ ಹೇಳುತ್ತಿದ್ದ. ಇರಮ ಹಾಗೆ ಹೇಳಿದರೆ, ನಾಳೆಯಿಂದ ಊರಿಗೆಲ್ಲ ಅವನು ಖೋಟಾ ಮಾಲಿನವನು.

ಇಬ್ಬರೂ ಮತ್ತೆ ಎಲ್ಲರ ಮುಂದೆ ಬಂದರು. ಇರಮ ಮಾತನ್ನು ಅಕ್ಕಿಯಂತೆ ಆರಿಸುವವಳು. ಆರಿಸಿ ಆರಿಸಿ, ಯಾರಿಗೂ ಚುಚ್ಚದ ಒಂದು ವಾಕ್ಯ ತಂದಳು: "ಮೌಂಟ್ ಛಲೋ ಅದ್ರಿ. ಸಿಮೆಂಟ್ ಹಾಕಿದ್ದು ತಪ್ಪಾಗ್ಯದ."

"ನೋಡ್ರಿ!" ಸಾಹೇಬರು ತೊಡೆ ತಟ್ಟಿದರು. "ನಾ ಹೇಳಿದ್ದಿಲ್ಲೇನು? ಗೌಂಡಿದೇ ತಪ್ಪು! ನಾಳಿಂದ ಆ ಮಗನ್ನ ಕಾಲೇಜಿನ ಕೆಲಸಕ್ಕ ಕರೀಬ್ಯಾಡ್ರಿ."

ಯಾರಿಗೂ ಚುಚ್ಚದ ಮಾತು ಅಲ್ಲಿ ಇಲ್ಲದವನಿಗೇ ಚುಚ್ಚುತ್ತದೆಂಬುದು ಇರಮಳಿಗೆ ಆಗ ಹೊಳೆಯಿತು. ಓಡಿ ಹೋಗಿ ಟಾಕಿಯ ಹಿಂದೆ ಅಡಗಬೇಕೆನಿಸಿತು.

"ಗೌಂಡಿ ನೀವು ತೋರಿಸಿದ ಕಡೇನೇ ನಿಲ್ಲಿಸ್ಯಾನ್ರಿ ಸಾಹೇಬ್ರ. ಇದು ಉತ್ತರಕ್ಕ ನಿಲ್ಲಬೇಕಿತ್ತು. ಪೂರ್ವಕ್ಕ ಅಂದವರು ನೀವು."

ಸಾಹೇಬರು ನಕ್ಕರು. ಸಿಟ್ಟು ಬಂದಾಗ ಅವರು ಸಭೆಯ ನಗು ನಗುತ್ತಿದ್ದರು.

"ಭಾಳ ಶಾಣ್ಯಾ ಇದ್ದೀರಿ ಮೇಡಂ. ಹಂಗಾದ್ರ ಭಾಲ್ಕಿ, ಔರಾದ ನೀವೇ ನಿಂತು ನಿಲ್ಲಸ್ರಿ. ಆರಾಮ ಮಾಡ್ರಿ, ಅವಸರ ಇಲ್ಲ. ಜೂನ್‌ನಾಗ ಕಾಲೇಜಿನ ತ್ರಾಸ ನಿಮಗ ಇರಂಗಿಲ್ಲ."

ಬೀದರಿನ ಮೌಂಟು ಪೂರ್ವಕ್ಕೇ ಉಳಿಯಿತು. ಸಿಮೆಂಟು ಒಡೆಸಿದರೆ ತಪ್ಪು ಒಪ್ಪಿಕೊಂಡಂತಾಗುತ್ತಿತ್ತು. ಅದನ್ನು ಉದ್ಘಾಟಿಸಲು ಬಂದ ಮುಖ್ಯ ಅತಿಥಿ ಕೊಳವೆಯಲ್ಲಿ ಏನೂ ಕಾಣದೆ, "ಅದ್ಭುತ," ಎಂದು ಹೇಳಿ ಹೋದರಂತೆ.

ಅದೇ ವಾರ ಔರಾದಿನ ಶಾಲೆಯ ಅಂಗಳದಲ್ಲಿ ಇರಮ ಅಚ್ಚನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಿದಳು. ಸಿಮೆಂಟು ಇಲ್ಲ, ಕಾಲುಗಳ ಕೆಳಗೆ ಮೂರು ಚಪ್ಪಟೆ ಕಲ್ಲು. ಸಂತೋಷಕುಮಾರ ಭಾಲ್ಕಿಯಿಂದ ಬಂದು, ತನಗೇನೂ ತಿಳಿಯದೆಂದು ಇಲ್ಲಿಯೂ ಎಲ್ಲರಿಗೂ ಹೇಳುತ್ತಿದ್ದ. ಕತ್ತಲಾಗುತ್ತಿದ್ದಂತೆ ಆಬೇದಾ ಆಪಾ ಕುರ್ಚಿ ಎಳೆದು ಕಣ್ಣಿಟ್ಟವರು ತೆಗೆಯಲೇ ಇಲ್ಲ. ಇರಮಳ ಒಂದು ಕೈ ತಿರುಪಿನ ಮೇಲೆ. ಚಂದ್ರ ಅಲ್ಲೇ ಇದ್ದ.

"ಆಪಾ, ಏಳ್ರಿ! ನಮಗೂ ಬಿಡ್ರಿ!" ಸಾಲಿನಿಂದ ಕೂಗು.

"ತಡೀರಿ, ಓಡಿ ಹೋಗಂಗಿಲ್ಲಲ್ಲ ಈಗ!" ಆಪಾ ಕಣ್ಣು ತೆಗೆಯದೆಯೇ ಇರಮಳತ್ತ ದನಿ ತಗ್ಗಿಸಿದರು. "ಜೂನ್‌ನಾಗ ಏನ್ ಮಾಡ್ತಿ ಬೇಟಾ?"

"ಗೊತ್ತಿಲ್ರಿ ಆಪಾ."

ತಿರುಪಿನ ಮೇಲಿದ್ದ ಅವಳ ಕೈ ಒಂದು ಕ್ಷಣ ನಿಂತಿತು.

"ಏ, ತಿರುಗಸು, ತಿರುಗಸು! ಚಾಂದ ಹೊಂಟಿತು!"