ಏಳನೇ ನಂಬರಿನ ಮುಖ

ಇದನ್ನು ಮಕ್ಕಳು ಮಾಡಿರಲು ಸಾಧ್ಯವೇ ಇಲ್ಲ. ಗುರುಸಿದ್ದಪ್ಪ ಮುಖವಾಡವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದೇ ಮಾತನ್ನು ಮೂರನೆಯ ಸಲ ತನಗೆ ತಾನೇ ಹೇಳಿಕೊಂಡ.

ಊಟಿಯ ಆ ವಸತಿ ಶಾಲೆಯಲ್ಲಿ ಪರದೇಶದ ಮಕ್ಕಳು ಹೆಚ್ಚಾದ ಮೇಲೆ ಹ್ಯಾಲೋವೀನ್ ಎಂಬ ಭೂತಗಳ ಹಬ್ಬವೂ ಕ್ಯಾಲೆಂಡರಿಗೆ ಸೇರಿತ್ತು. ಅಕ್ಟೋಬರಿನ ಕೊನೆಯ ದಿನ ರಾಕ್ಷಸರ ಮುಖವಾಡದ ಸ್ಪರ್ಧೆ. ಮುಖವಾಡದ ಹಿಂದೆ ನಂಬರು ಮಾತ್ರ, ಮಾಡಿದವರ ಹೆಸರು ಬೇರೆ ಲಕೋಟೆಯಲ್ಲಿ. ಡ್ರಾಯಿಂಗ್ ಮಾಸ್ಟರ್ ಆದ್ದರಿಂದ ತೀರ್ಪು ಅವನದು. ಇಪ್ಪತ್ತು ವರ್ಷಗಳಲ್ಲಿ ಶಾಲೆ ಅವನ ಅಭಿಪ್ರಾಯ ಕೇಳಿದ್ದು ಇಂಥದಕ್ಕೇ.

ಮೇಜಿನ ಮೇಲೆ ಹನ್ನೆರಡು ರಾಕ್ಷಸರಿದ್ದರು. ಹನ್ನೊಂದು ಬರೀ ರಟ್ಟು, ಹತ್ತಿ, ಕೆಂಪು ಬಣ್ಣ. ಏಳನೆಯದು ಮಾತ್ರ ಅವನನ್ನು ನೋಡುತ್ತಿತ್ತು.

ಅದರ ಚರ್ಮವನ್ನು ಉಗುರಿನಿಂದ ಕೆರೆದ. ಅಂಟಿನ ಮೇಲೆ ಟೀ ಪುಡಿ ಉದುರಿಸಿ ಒಣಗಿಸಿದ್ದರು. ಮೊದಲು ಹಸಿರು, ಅದರ ಮೇಲೆ ಕಂದು ಬಳಿದು, ಉಬ್ಬಿದ ಕಡೆ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಹಸಿರು ಒಳಗಿನಿಂದ ಕೊಳೆತು ಬಂದ ಹಾಗಿತ್ತು. ಟೀ ಪೆಟ್ಟಿಗೆಯ ಬೆಳ್ಳಿಹಾಳೆ ಸುತ್ತಿ ಮಾಡಿದ ಕೋರೆಹಲ್ಲುಗಳು ದೃಷ್ಟಿಬೊಂಬೆಯ ಕೋರೆಗಳಂತೆ ಹೊರಕ್ಕೆ ಬಾಗಿದ್ದವು. ಹುಬ್ಬಿಗೆ ಮನುಷ್ಯರ ಕೂದಲನ್ನೇ ಒಂದೊಂದಾಗಿ ಸೂಜಿಯಲ್ಲಿ ಪೋಣಿಸಿದ್ದರು. ಕಪ್ಪಿನ ನಡುವೆ ಎರಡು ಮೂರು ಬಿಳಿ.

ಆದರೆ ಹೆದರಿಕೆ ಹುಟ್ಟಿಸುತ್ತಿದ್ದುದು ಕೋರೆಯಲ್ಲ, ತುಟಿ. ಎಡಗಡೆಯ ಅಂಚು ಒಂದು ಎಳೆಯಷ್ಟು ಒಳಕ್ಕೆ ಸೇರಿತ್ತು. ಏನೋ ಹೇಳಲು ಹೊರಟು, ಕೇಳುವವರು ಅದಕ್ಕೆ ಲಾಯಕ್ಕಲ್ಲವೆಂದು ನುಂಗಿಕೊಂಡವನ ತುಟಿ. ಇಂಥ ತುಟಿಯನ್ನು ಕಲ್ಪನೆಯಿಂದ ಮಾಡಲು ಬರುವುದಿಲ್ಲ. ದಿನಾ ನೋಡಿರಬೇಕು.

ಅವನಿಗೆ ಹೊಟ್ಟೆಕಿಚ್ಚಾಯಿತು. ಅದನ್ನು ಅನುಮಾನವೆಂದು ಕರೆದುಕೊಂಡ. ಯಾವನೋ ಹಣವಂತ ಅಪ್ಪ ಕಲಾವಿದನೊಬ್ಬನನ್ನು ಹಿಡಿದು ಮಾಡಿಸಿದ್ದಾನೆ, ಇನ್ನೇನು?

ಬಾಗಿಲು ಹಾಕಿ ಮುಖವಾಡವನ್ನು ಹಾಕಿಕೊಂಡ. ಮೂಗು ಮೂಗಿನ ಜಾಗದಲ್ಲಿ ಕೂತಿತು. ಕೆನ್ನೆಯ ಮೂಳೆ, ಗದ್ದದ ಗುಳಿ, ಎಲ್ಲ ಸರಿಯಾಗಿ. ದರ್ಜಿ ಅಳತೆ ತೆಗೆದು ಹೊಲಿದ ಕೋಟು ಕೂಡ ಅವನಿಗೆ ಹೀಗೆ ಕೂತಿರಲಿಲ್ಲ. ಗಾಬರಿಯಿಂದ ಕಿತ್ತು ತಿರುವಿ ನೋಡಿದ.

ಒಳಮೈಯಲ್ಲಿ ಕಾಗದದ ಪಟ್ಟಿಗಳು. ಪಟ್ಟಿಗಳ ಮೇಲೆ ಪೆನ್ಸಿಲ್ ಗೆರೆ. ಒಂದು ಹೆಬ್ಬೆರಳು, ಮಡಿಸಿದ ಒಂದು ಮುಷ್ಟಿ, ಮೂಲೆಯಲ್ಲಿ ‘ಮೈಸೂರು, ೭೪’. ಅಕ್ಷರ ಅವನದೇ.

ಮೈಸೂರಿನಲ್ಲಿ ಶಿಲ್ಪ ಕಲಿಯುವಾಗಿನ ಆ ಚಿತ್ರಗಳು ಕೂನೂರಿನ ಹತ್ತಿರ ಹುಬ್ಬತಲೈ ಊರಿನ ಅವನ ಮನೆಯಲ್ಲಿ ಟ್ರಂಕಿನೊಳಗಿದ್ದವು. ಜೊತೆಗೆ ಅವನ ಮುಖದ್ದೇ ಒಂದು ಪ್ಲಾಸ್ಟರ್ ಅಚ್ಚು. ಇವತ್ತಲ್ಲ ನಾಳೆ ಮತ್ತೆ ಶುರುಮಾಡುತ್ತೇನೆ, ಈ ಸ್ಕೂಲು ನನ್ನ ಕೈ ಕಟ್ಟಿಹಾಕಿದೆ ಎಂದು ಹೆಂಡತಿ ದೇವಮ್ಮನಿಗೆ ಹೇಳುತ್ತ ಇಪ್ಪತ್ತು ವರ್ಷ ಕಳೆದಿದ್ದ. ಅವಳು ಹತ್ತನೇ ಕ್ಲಾಸು ಓದಿದವಳು, ನಂಬಿದ್ದಳು. ಅಥವಾ ನಂಬಿದ್ದಾಳೆಂದು ಇವನು ನಂಬಿದ್ದ.

ಬಾಗಿಲು ತಟ್ಟಿ ಶಾಂತಲಾ ಮಿಸ್ ಒಳಗೆ ಬಂದಳು. ಸ್ಪರ್ಧೆ ನಡೆಸುತ್ತಿದ್ದವಳು ಅವಳೇ.

“ಮುಗೀತಾ ಸಾರ್? ಏಳನೇದೇ ಫಸ್ಟ್ ಅಲ್ವಾ?”

“ಯಾಕೆ? ನಿಮಗೆ ಯಾರದು ಅಂತ ಗೊತ್ತಾ?”

“ಅಯ್ಯೋ ಇಲ್ಲ ಸಾರ್, ಚೆನ್ನಾಗೈತೆ ಅಂತ ಅಂದೆ. ಈ ವರ್ಷ ಸ್ಟಾಫ್ ಫ್ಯಾಮಿಲಿಯೋರೂ ಸೇರಬಹುದು ಅಂತ ಸರ್ಕ್ಯುಲರ್ ಹೋಗಿತ್ತಲ್ಲ. ಲಕೋಟೆ ಒಡೆದು ನೋಡಿದ್ರಾಯ್ತು.”

“ಬೇಡ!”

ಶಾಂತಲಾ ಅವನನ್ನೇ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗುರುಸಿದ್ದಪ್ಪ ಕೋಟಿನ ಮೇಲೆ ಬಿದ್ದಿದ್ದ ಟೀ ಪುಡಿಯನ್ನು ಒರೆಸಿಕೊಂಡ.

ಆ ಲಕೋಟೆಯಲ್ಲಿ ಏನಿದೆಯೆಂದು ಅವನಿಗೆ ಗೊತ್ತಿತ್ತು, ಆದರೂ ಗೊತ್ತಿಲ್ಲ ಎನ್ನುವಷ್ಟು ಜಾಗ ಇನ್ನೂ ಉಳಿದಿತ್ತು. ಒಡೆದರೆ ಆ ಜಾಗವೂ ಹೋಗುತ್ತದೆ. ಕಲಿಯದ ಕೈ ಅಡುಗೆಮನೆಯಲ್ಲಿ ಕೂತು ಇದನ್ನು ಮಾಡಬಹುದಾದರೆ, ಕಲಿತ ಕೈಗೆ ಇಷ್ಟು ದಿನ ಏನಾಗಿತ್ತು? ತೀರ್ಪಿನ ಹಾಳೆ ಎಳೆದುಕೊಂಡು ಬರೆದ: ‘ಏಳು: ಕಸುಬಿನವರಿಂದ ಮಾಡಿಸಿದ್ದು. ಸ್ಪರ್ಧೆಗೆ ಅರ್ಹವಲ್ಲ.’ ಬಾವಲಿ ಮುಖದ ಮೂರನೆಯದಕ್ಕೆ ಮೊದಲ ಬಹುಮಾನ ಕೊಟ್ಟ. ಅದರ ಒಂದು ಕಿವಿ ಆಗಲೇ ಬಿದ್ದುಹೋಗಿತ್ತು.

“ಇದು ನನ್ನ ಹತ್ರ ಇರಲಿ,” ಎಂದು ಏಳನೆಯದನ್ನು ಚೀಲಕ್ಕೆ ಹಾಕಿಕೊಂಡ.

ಕೂನೂರಿಗೆ ಹೋಗುವ ಬಸ್ಸಿನಲ್ಲಿ ಚೀಲ ಮಡಿಲಲ್ಲಿತ್ತು. ತಿರುವು ಬಂದಾಗಲೆಲ್ಲ ಒಳಗಿನ ಮೂಗು ಅವನ ಹೊಟ್ಟೆಗೆ ಒತ್ತುತ್ತಿತ್ತು. ಸರ್ಕ್ಯುಲರನ್ನು ಮನೆಗೆ ಒಯ್ದವನು ತಾನೇ ಎಂಬುದು ವೆಲ್ಲಿಂಗ್ಟನ್ ದಾಟಿದ ಮೇಲೆ ನೆನಪಾಯಿತು. ಅದರಲ್ಲಿ ಕಡಲೆಕಾಯಿ ಕಟ್ಟಿಸಿಕೊಂಡು ಹೋಗಿದ್ದ.

ಹುಬ್ಬತಲೈಯಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಮೇಲಂತಸ್ತು ಮುಗಿಯದ ಮನೆಯ ನೆತ್ತಿಯಲ್ಲಿ ಕಂಬಿಗಳು ಹಾಗೇ ನಿಂತಿದ್ದವು. ದೇವಮ್ಮ ಹೊಸಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

“ಬಂದ್ರಾ? ಸ್ಪರ್ಧೆ ಆಯ್ತಾ?”

“ಹ್ಞೂಂ.”

“ಯಾರಿಗೆ ಬಂತು?”

“ಯಾವುದೋ ಬಾವಲಿಗೆ.”

ಅವಳು ಒಂದು ಕಾಯಿ ಬಿಡಿಸಿದಳು. ಕಾಳು ಮೊರಕ್ಕೆ ಬಿತ್ತು. “ಏಳನೇದು?”

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ. “ಕಸುಬಿನೋರು ಮಾಡಿದ್ದು ಅಂತ ತೆಗೆದುಹಾಕಿದೆ.”

ದೇವಮ್ಮ ತಲೆ ಎತ್ತಿದಳು. ಕಣ್ಣು ಅಗಲವಾಯಿತು. ಮುಖದಲ್ಲಿ ಸಿಟ್ಟಿರಲಿಲ್ಲ. ಅವನಿಗೆ ತಡೆಯಲಾಗದ್ದು ಅದೇ.

“ಅಷ್ಟು ಚೆನ್ನಾಗಿತ್ತಾ?”

ಅವನು ಒಳಗೆ ಹೋಗಿ ಟ್ರಂಕು ತೆಗೆದ. ಕಾಗದ ಅಂಟಿಕೊಳ್ಳದಿರಲೆಂದು ಸವರಿದ ಎಣ್ಣೆಯಿಂದ ಪ್ಲಾಸ್ಟರ್ ಮುಖ ಮಿನುಗುತ್ತಿತ್ತು. ಚಿತ್ರಗಳಿರಲಿಲ್ಲ.

“ಬೂಷ್ಟು ಹಿಡಿದೋಗಿತ್ತು ರೀ,” ಬಾಗಿಲಿಗೆ ಬಂದು ನಿಂತ ದೇವಮ್ಮ ಹೇಳಿದಳು. “ಹತ್ತು ವರ್ಷದಿಂದ ನೀವು ತೆಗೆದೇ ಇರ್ಲಿಲ್ಲ. ಚೆನ್ನಾಗಿದ್ದಷ್ಟು ಹರಿದು ಮುಖವಾಡಕ್ಕೆ ಹಾಕ್ಕೊಂಡೆ.”

“ನನ್ನ ಕೇಳಬೇಕಿತ್ತು.”

“ಕೇಳಿದ್ರೆ ನಾಳೆ ಅಂತಿದ್ರಿ.”

ಅವಳು ಚೀಲಕ್ಕೆ ಕೈ ಹಾಕಿ ಮುಖವಾಡವನ್ನು ಹೊರತೆಗೆದಳು. ಹುಬ್ಬಿನ ಕೂದಲೊಂದು ಬಾಗಿತ್ತು, ಎಂಜಲು ಸವರಿ ಸರಿಮಾಡಿದಳು. “ಮೊದಲು ಮನೆಗೇ ಅಂತ ಮಾಡ್ಕೊಂಡಿದ್ದು. ದೃಷ್ಟಿಗೆ. ಇನ್ನು ಮೇಲಿನ ಕಂಬಿಗೇ ಕಟ್ಟಿಬಿಡ್ತೀನಿ.”

ಅವಳ ಹಿಂದೆಯೇ ಅವನೂ ಮೇಲಕ್ಕೆ ಹತ್ತಿದ. ದೇವಮ್ಮ ಕಂಬಿಗೆ ಹುರಿಹಗ್ಗ ಬಿಗಿದು ಗಂಟು ಹಾಕಿದಳು. ಮುಖ ರಸ್ತೆಯ ಕಡೆ ತಿರುಗಿರಲಿಲ್ಲ. ಮನೆಯೊಳಕ್ಕೆ ಇಳಿಯುವ ಮೆಟ್ಟಿಲನ್ನೇ ನೋಡುತ್ತಿತ್ತು.

“ದೃಷ್ಟಿಬೊಂಬೆ ರೋಡಿನ ಕಡೆ ನೋಡಬೇಕಲ್ವೇನೇ?”

“ಕೆಟ್ಟ ಕಣ್ಣು ರೋಡಿಂದಾನೇ ಬರ್ಬೇಕು ಅಂತ ಏನಿಲ್ಲ,” ಎಂದಳು ದೇವಮ್ಮ. ಕಾಳು ಬೇಯಲಿಡಬೇಕೆಂದು ಕೆಳಗಿಳಿದು ಹೋದಳು.

ಕಣಿವೆಯಿಂದ ಮಂಜು ಏರತೊಡಗಿತು. ಒಳಕ್ಕೆ ಸೇರಿದ ಆ ತುಟಿ ಅವನಿಗೆ ಏನೋ ಹೇಳಲು ಹೊರಟು ಸುಮ್ಮನಾಗಿತ್ತು. ಅವನು ಕೈ ಚಾಚಿ ಅದನ್ನು ರಸ್ತೆಗೆ ತಿರುಗಿಸಿದ. ಈಗ ಅವನ ಕಡೆ ಇದ್ದದ್ದು ಟೊಳ್ಳಾದ ಒಳಮೈ. ಅವನದೇ ಮೂಗಿನ, ಅವನದೇ ಕೆನ್ನೆಯ ಗುಳಿಗಳು. ಅವುಗಳ ತುಂಬ ಮುಗಿಯದ ಕೈಗಳು, ಬೆರಳುಗಳು.

ಮತ್ತೆ ಮನೆಯ ಕಡೆಗೆ ತಿರುಗಿಸಿದ. ಕೆಳಗಿನಿಂದ ಕುಕ್ಕರಿನ ಸೀಟಿ ಕೇಳಿಸಿತು. ಯಾವ ಕಡೆ ಬಿಡುವುದೆಂದು ತಿಳಿಯದೆ ಹಗ್ಗ ಹಿಡಿದೇ ನಿಂತ. ಕಣ್ಣಿನ ಎರಡು ತೂತುಗಳಲ್ಲಿ ಮಂಜು ಹೋಗಿ ಬರುತ್ತಿತ್ತು.