ಬೋರ್ಡಿನ ಹತ್ತಿರ ಇಳಿದವನು

ಜೈಲಿನಲ್ಲಿ ನನ್ನನ್ನು ಯಾರೂ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಆದರೂ ಅಲ್ಲಿ ನಾಲ್ಕು ದಿನ ಇದ್ದು ಬಂದ ಮೇಲೆ ಖಾಕಿ ಬಣ್ಣದ ಚೀಲ ಕಂಡರೂ ದಾರಿ ಬದಲಿಸುತ್ತಿದ್ದೆ. ನಮ್ಮೂರು ನಂದೊಳ್ಳಿಯಲ್ಲಿ ಬೈರ ಅಂದರೆ ಮೂಗಿನ ತುದಿಯಲ್ಲೇ ಸಿಟ್ಟು ಇರುವವನು. ಆ ಸಿಟ್ಟೇ ನನ್ನನ್ನು ಒಳಗೆ ಕಳಿಸಿದ್ದು. ಬೇಲಿ ಕಿತ್ತನೆಂದು ಪಕ್ಕದ ಗದ್ದೆಯ ಉಲ್ಲಾಸನ ಜೊತೆ ಜಗಳಕ್ಕೆ ನಿಂತಾಗ ಕೈಯಲ್ಲಿ ಕತ್ತಿ ಇತ್ತು. ತಳ್ಳಾಟದಲ್ಲಿ ಅವನ ತೋಳು ಸೀಳಿತು. ಬರಿಗೈಯ ಜಗಳವಾಗಿದ್ದರೆ ಠಾಣೆಯಲ್ಲೇ ಜಾಮೀನು ಸಿಗುತ್ತಿತ್ತಂತೆ. ಕತ್ತಿಯ ಗಾಯವಾದ್ದರಿಂದ ಮರುದಿನ ನ್ಯಾಯಾಧೀಶರ ಮುಂದೆ ನಿಲ್ಲಿಸಿ, ಅಲ್ಲಿಂದ ಶಿರಸಿಯ ಜೈಲಿಗೆ ಕಳಿಸಿದರು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುತ್ತದೆಯೇ?

ಜಾಮೀನಿನ ಮೇಲೆ ಬಿಡಿಸಿದವಳು ಚೇತನಾ. ಬಡವರಿಗೆಂದು ಕೋರ್ಟಿನವರೇ ಪುಕ್ಕಟೆ ಕೊಡುವ ವಕೀಲೆ, ನನ್ನ ಮಗಳ ವಯಸ್ಸು. ಕೋರ್ಟಿನ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಷರತ್ತುಗಳನ್ನು ಬಿಡಿಸಿ ಹೇಳಿದಳು. ಉಲ್ಲಾಸನ ತಂಟೆಗೆ ಹೋಗಬಾರದು, ಸಾಕ್ಷಿಗಳನ್ನು ಹೆದರಿಸಬಾರದು, ಕರೆದ ದಿನ ಬರಬೇಕು, ಅಪ್ಪಣೆಯಿಲ್ಲದೆ ಯಲ್ಲಾಪುರ ತಾಲೂಕು ದಾಟಬಾರದು. ತಪ್ಪಿದರೆ ಏನಾಗುತ್ತದೆ ಎಂದು ಕೇಳಿದೆ. ಜಾಮೀನು ರದ್ದಾಗಬಹುದು ಅಂದಳು. ಆಮೇಲೂ ಏನೇನೋ ಹೇಳಿದಳು, ನನ್ನ ಕಿವಿಗೆ ಇಳಿಯಲಿಲ್ಲ.

ಮಗಳು ಭೂಮಿಕಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹೆಂಡತಿ ತೀರಿ ಆರು ವರ್ಷ, ಅಳಿಯ ಗೋವೆಯಲ್ಲಿ ಕೆಲಸಕ್ಕಿದ್ದ. ಅವಳಿಗೆ ನಾನು, ನನಗೆ ಅವಳು. ಒಂದು ಭಾನುವಾರ ಬೆಳಿಗ್ಗೆ ನೋವು ಶುರುವಾಯಿತು. ಯಲ್ಲಾಪುರ ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು, ರಕ್ತದೊತ್ತಡ ಏರಿದೆ, ತಡಮಾಡದೆ ಶಿರಸಿಗೆ ಒಯ್ಯಿರಿ ಎಂದು ಆಂಬುಲೆನ್ಸ್ ಹತ್ತಿಸಿಬಿಟ್ಟರು.

ಶಿರಸಿ ಅಂದ ಕೂಡಲೇ ನನಗೆ ಆಸ್ಪತ್ರೆ ನೆನಪಾಗಲಿಲ್ಲ, ಜೈಲಿನ ಬಾಗಿಲು ನೆನಪಾಯಿತು. ಮಗಳು ಹಲ್ಲು ಕಚ್ಚಿ ನರಳುತ್ತಿದ್ದಳು. ನಾನು ಅವಳ ಮುಖ ನೋಡುವುದು ಬಿಟ್ಟು ಕಿಟಕಿಯಿಂದ ರಸ್ತೆ ನೋಡುತ್ತಿದ್ದೆ. ಮಂಚಿಕೇರಿ ದಾಟಿತು. ನನ್ನನ್ನು ಮತ್ತೆ ಹಿಡಿದರೆ ಇವಳ ಬಾಣಂತನ ಮಾಡುವವರು ಯಾರು ಎಂದು ಮನಸ್ಸು ವಾದ ಹೂಡಿತು. ಹೇಡಿಗೆ ನೆಪ ಬೇಗ ಸಿಗುತ್ತದೆ. ಮುಂದೆ ಶಿರಸಿ ತಾಲೂಕಿನ ಬೋರ್ಡು ಕಂಡಿತು. ಗಾಡಿ ನಿಲ್ಲಿಸಲು ಹೇಳಿದೆ.

ಜೊತೆಗಿದ್ದ ನರ್ಸು, ನಿನಗೆ ತಲೆ ನೆಟ್ಟಗಿದೆಯೇ ಎಂದು ರೇಗಿದಳು. ಭೂಮಿಕಾ ನನ್ನ ಅಂಗಿಯ ತೋಳು ಹಿಡಿದುಕೊಂಡಳು.

“ಅಪ್ಪ, ಇಳಿಬೇಡ.”

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಹಿಂದಿನಿಂದ ಬರುತ್ತೇನೆ ಎಂದು ಸುಳ್ಳು ಹೇಳಿದೆ. ಗಾಡಿ ಹೋಯಿತು.

ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಅತ್ತೆ. ಅಳು ನಿಂತ ಮೇಲೆ ಚೇತನಾಗೆ ಫೋನ್ ಮಾಡುವ ಬುದ್ಧಿ ಬಂತು. ಸಿಗ್ನಲ್ ಇರಲಿಲ್ಲ. ಬಂದ ದಾರಿಯಲ್ಲೇ ಹಿಂದೆ ನಡೆದು ಏರು ಹತ್ತಿದಾಗ ಕರೆ ಹೋಯಿತು. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ.

“ಬೈರಣ್ಣ, ಮೊದ್ಲು ಮಗಳ ಹತ್ರ ಹೋಗಿ. ಆಸ್ಪತ್ರೆ ಚೀಟಿ ಜೋಪಾನ ಇಟ್ಕೊಳ್ಳಿ. ನಾಳೆ ಕೋರ್ಟಿಗೆ ನಾನು ತಿಳಿಸ್ತೇನೆ.”

ಕಾರಣ ಕೇಳದೆ ಯಾರೂ ಜಾಮೀನು ರದ್ದು ಮಾಡುವುದಿಲ್ಲವಂತೆ. ಅಂಥ ತುರ್ತು ಬಂದರೆ ಹೊರಡುವಾಗಲೇ ತನಗೆ ಫೋನ್ ಮಾಡಬೇಕು ಎಂದು ಅಂದೇ ಮೆಟ್ಟಿಲ ಮೇಲೆ ಹೇಳಿದ್ದಳಂತೆ.

ಬಸ್ಸು ಸಿಕ್ಕಿದ್ದು ಎಷ್ಟೋ ಹೊತ್ತಿನ ಮೇಲೆ. ಕಂಡಕ್ಟರನ ಖಾಕಿ ಕಂಡು ಮುಖ ತಗ್ಗಿಸಿ ಕೂತೆ. ಬೋರ್ಡು ದಾಟುವಾಗ ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ.

ಶಿರಸಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಹೆಣ್ಣು ಮಗು. ಕೋರ್ಟಿಗೆ ಚೀಟಿ ಬೇಕೆಂದು ಕೇಳಿದಾಗ ಅಲ್ಲಿನ ಸಿಸ್ಟರ್ ಫೈಲು ತೆರೆದಳು. ಆಪರೇಷನ್ನಿಗೆ ಒಪ್ಪಿಗೆ ಕೊಡುವ ಕಾಗದದಲ್ಲಿ ಸಂಬಂಧಿಕರ ಸಹಿ ಎಂಬಲ್ಲಿ ಗೀಟು ಎಳೆದಿದ್ದರು. ಮೇಲೆ ಭೂಮಿಕಾಳ ಸಹಿಯೊಂದೇ ಇತ್ತು. ಅಕ್ಷರಗಳು ಸಾಲು ಬಿಟ್ಟು ಕೆಳಗಿಳಿದಿದ್ದವು. ಯಾರೂ ಇರಲಿಲ್ಲವಲ್ಲ ಎಂದು ಸಿಸ್ಟರ್ ತನ್ನ ಪಾಡಿಗೆ ಹೇಳಿ ಹೋದಳು.

ಒಳಗೆ ಹೋದೆ. ಭೂಮಿಕಾ ಎಚ್ಚರವಾಗಿದ್ದಳು, ಮಗು ಮಗ್ಗುಲಲ್ಲಿತ್ತು.

“ಪೊಲೀಸ್ರು ಹಿಡಿಲಿಲ್ವಾ?”

ಇಲ್ಲ ಅಂದೆ. ಆ ಜೈಲು, ಆ ಬೋರ್ಡು, ಹೆದರಿಕೆಯಲ್ಲಿ ಕೈಕಾಲು ಬಿದ್ದುಹೋಯಿತು ಮಗಾ ಎಂದು ತೊದಲಿದೆ. ಅವಳು ಮಗುವಿನ ಬಟ್ಟೆ ಸರಿಮಾಡುತ್ತ ಕೇಳಿಸಿಕೊಂಡಳು. ದನಿ ಏರಿಸಲಿಲ್ಲ.

“ನಂಗೂ ಹೆದ್ರಿಕೆ ಆಗಿತ್ತು ಅಪ್ಪ. ನಂಗೆ ಇಳಿಲಿಕ್ಕೆ ಆಗ್ತಿರ್ಲಿಲ್ಲ.”